ಹಂಚಿನ ಬೆನ್ನಿನ ಬರಹ

ಹಳೆಯ ಮನೆ ಕೆಡವುವಾಗ ಮೊದಲು ಇಳಿಯುವುದು ಮಾಡಿನ ಹಂಚು. ಮಂಗಳೂರಿನ ಜೆಪ್ಪುವಿನ ಆಸುಪಾಸಿನ ಒಂದು ಓಣಿಯಲ್ಲಿ ಅಂಥ ಮನೆಯೊಂದು ಇಳಿಯುತ್ತಿದ್ದಾಗ ನಾನು ಅಂಗಳದಲ್ಲಿ ನಿಂತಿದ್ದೆ. ಕೆಲಸದವರು ಕೈಯಿಂದ ಕೈಗೆ ದಾಟಿಸಿ ಸಾಲಾಗಿ ನಿಲ್ಲಿಸಿದ ಹಂಚುಗಳ ಬೆನ್ನಿನಲ್ಲಿ ಇಂಗ್ಲಿಷ್ ಅಕ್ಷರಗಳಿದ್ದವು: ಬಾಸೆಲ್ ಮಿಶನ್ ಟೈಲ್ ವರ್ಕ್ಸ್, 1865. ಮನೆಯ ಯಜಮಾನರು ಹೆಮ್ಮೆಯಿಂದ, "ನೋಡಿ, ನಮ್ಮ ಮನೆ 1865ರದ್ದು" ಎಂದರು. ಕರಾವಳಿಯ ಎಷ್ಟೋ ಮನೆಗಳಲ್ಲಿ ಈ ಮಾತು ಕೇಳಿದ್ದೇನೆ. ಅದು ಮನೆಯ ವಯಸ್ಸಲ್ಲ, ಕಾರ್ಖಾನೆ ಹುಟ್ಟಿದ ವರ್ಷ. ಆಮೇಲೆ ಎಷ್ಟೋ ದಶಕ ಅದೇ ಅಂಕಿಯನ್ನು ಹಸಿ ಮಣ್ಣಿನ ಮೇಲೆ ಒತ್ತುತ್ತಲೇ ಬಂದರು. ಅದೇ ಸಾಲಿನಲ್ಲಿ ಕೆಲವು ಹಂಚುಗಳ ಬೆನ್ನಿನಲ್ಲಿ ಬೇರೆ ಹೆಸರಿತ್ತು: ಕಾಮನ್‌ವೆಲ್ತ್ ಟ್ರಸ್ಟ್. ಒಂದೇ ಮಾಡಿನ ಮೇಲಿನ ಈ ಎರಡು ಹೆಸರುಗಳ ನಡುವೆ ಒಂದು ಮಹಾಯುದ್ಧ ನಡೆದುಹೋಗಿದೆ.

ಆ ಮನೆಯ ಹಿರಿಯ ಹೆಂಗಸು ಜಗಲಿಯಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದರು. ತಮ್ಮ ಅಜ್ಜಿಯ ತಾಯಿ ಇದೇ ಕಾರ್ಖಾನೆಯಲ್ಲಿ ಮಣ್ಣು ಹೊತ್ತವರು ಎಂದರು. ಅವರ ಹೆಸರೇನಮ್ಮಾ ಎಂದು ಕೇಳಿದೆ. ಸ್ವಲ್ಪ ಹೊತ್ತು ನೆನಪಿಸಿಕೊಳ್ಳಲು ನೋಡಿದರು. "ಹಿರಿಯಜ್ಜಿ ಅಂತಲೇ ಎಲ್ಲರೂ ಹೇಳುತ್ತಿದ್ದದ್ದು" ಎಂದು ಸುಮ್ಮನಾದರು.

ಈ ಸ್ಮರಣ ಸಂಚಿಕೆಗೆ ಮಂಗಳೂರಿನ ಬಾಸೆಲ್ ಮಿಶನ್ ಸಂಸ್ಥೆಯ ಚರಿತ್ರೆ ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ ನನ್ನ ಮನಸ್ಸಿಗೆ ಬಂದದ್ದು ಜಗಲಿಯ ಆ ಮೌನ. ಸಂಸ್ಥೆಯ ಚರಿತ್ರೆ ಈಗಾಗಲೇ ಹಲವು ಸಲ ಬರೆಯಲ್ಪಟ್ಟಿದೆ. ಪಾದ್ರಿಗಳ ಹೆಸರು, ಊರು, ಹಡಗು ಹತ್ತಿದ ದಿನ, ಹಡಗು ಇಳಿದ ದಿನ ಎಲ್ಲವೂ ದಾಖಲಾಗಿವೆ. ದಾಖಲಾಗದೆ ಉಳಿದದ್ದು ಅವರ ಬಳಿಗೆ ಬಂದ ನಮ್ಮ ಜನರ ಕಥೆ: ಅವರು ಬಿಟ್ಟುಬಂದದ್ದೇನು, ಪಡೆದದ್ದೇನು, ಕಳೆದುಕೊಂಡದ್ದೇನು. ಇಲ್ಲಿ ಎರಡನ್ನೂ ಒಟ್ಟಿಗೆ ಹೇಳಲು ಪ್ರಯತ್ನಿಸುತ್ತೇನೆ.

ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ ಈ ಮಿಶನ್ ಸ್ಥಾಪನೆಯಾದದ್ದು 1815ರಲ್ಲಿ. ಅದರಲ್ಲಿ ಸ್ವಿಸ್ ಜನರಷ್ಟೇ ಅಲ್ಲ, ದಕ್ಷಿಣ ಜರ್ಮನಿಯ ಹಳ್ಳಿಗಾಡಿನ ಕಸುಬುದಾರರ ಮಕ್ಕಳೂ ಬಹಳ ಮಂದಿ ಇದ್ದರು. ಬ್ರಿಟಿಷರಲ್ಲದ ಮಿಶನ್‌ಗಳಿಗೆ ಈಸ್ಟ್ ಇಂಡಿಯಾ ಕಂಪನಿಯ ಸೀಮೆಯ ಬಾಗಿಲು ತೆರೆದದ್ದು 1833ರ ಚಾರ್ಟರ್ ಕಾಯಿದೆ. ಮರುವರ್ಷವೇ, 1834ರ ಅಕ್ಟೋಬರಿನಲ್ಲಿ, ಸಾಮ್ಯುಯೆಲ್ ಹೆಬಿಕ್, ಯೋಹಾನ್ ಲೇನರ್, ಕ್ರಿಶ್ಚಿಯನ್ ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿಳಿದು ಮಂಗಳೂರಿಗೆ ಬಂದರು.

ಈ 1834 ಎಂಬ ವರ್ಷವನ್ನು ಸಂಸ್ಥೆಯ ಹುಟ್ಟಿನ ವರ್ಷ ಎಂದಷ್ಟೇ ಓದಿದರೆ ಸಾಲದು. ಅದೇ ವರ್ಷದ ಏಪ್ರಿಲಿನಲ್ಲಿ ಮಡಿಕೇರಿಯ ಕೋಟೆಯ ಮೇಲೆ ಕಂಪನಿಯ ಬಾವುಟ ಹಾರಿತ್ತು. ಹಾಲೇರಿ ವಂಶದ ಕೊನೆಯ ಅರಸ ಚಿಕ್ಕವೀರರಾಜೇಂದ್ರ ಗಡೀಪಾರಾಗಿ ಕಾಶಿಯ ದಾರಿ ಹಿಡಿದಿದ್ದ. ಕೊಡಗಿಗೆ ಸೇರಿದ್ದ ಅಮರ ಸುಳ್ಯ, ಪುತ್ತೂರು ಕಡೆಯ ಮಾಗಣೆಗಳನ್ನು ಕಿತ್ತು ಕೆನರಾ ಜಿಲ್ಲೆಗೆ ಸೇರಿಸಿದರು. ಅಲ್ಲಿಯವರೆಗೆ ಬೆಳೆದದ್ದರಲ್ಲೇ ಪಾಲು ಕೊಟ್ಟು ಕಂದಾಯ ತೀರಿಸುತ್ತಿದ್ದ ರೈತರು ಈಗ ನಾಣ್ಯದಲ್ಲಿ ಕಟ್ಟಬೇಕಾಯಿತು. ನಾಣ್ಯಕ್ಕಾಗಿ ಬೆಳೆಯನ್ನು ಸಿಕ್ಕ ಬೆಲೆಗೆ ಮಾರಬೇಕು, ಇಲ್ಲವೇ ಸಾಲಗಾರನ ಮನೆ ಬಾಗಿಲಿಗೆ ಹೋಗಬೇಕು. ಕೆನರಾದಲ್ಲಿ ಅದಕ್ಕೂ ಮೊದಲೇ, 1830-31ರಲ್ಲಿ, ರೈತರು ಕೂಟಗಳನ್ನು ಕಟ್ಟಿಕೊಂಡು ಕಂದಾಯ ಕೊಡುವುದಿಲ್ಲ ಎಂದು ನಿಂತಿದ್ದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಕರಾವಳಿ ಕಂಪನಿಯ ಕೈಗೆ ಹೋದ ಮೇಲೆ ಸುಮಾರು ನಾಲ್ಕು ದಶಕದಲ್ಲಿ ಜನ ಅನುಭವಿಸಿದ್ದೆಲ್ಲ 1837ರಲ್ಲಿ ಒಟ್ಟಾಗಿ ಸಿಡಿಯಿತು. ಸುಳ್ಯದಿಂದ ಹೊರಟ ರೈತರ ದಂಡು ಏಪ್ರಿಲ್ 5ರಂದು ಮಂಗಳೂರನ್ನು ಹಿಡಿಯಿತು. ಬಾವುಟಗುಡ್ಡೆಯ ಮೇಲೆ ಅವರ ಬಾವುಟ ಹಾರಿತು. ಹದಿಮೂರು ದಿನ ಊರು ಅವರ ಕೈಯಲ್ಲಿತ್ತು ಎಂದು ಜನ ಇಂದಿಗೂ ಹೇಳುತ್ತಾರೆ. ಆಮೇಲೆ ಕಂಪನಿಯ ಸೈನ್ಯ ಬಂತು, ನೇಣುಗಂಬಗಳು ಬಂದವು. ಹೋರಾಟದ ಮುಂದಾಳುಗಳಲ್ಲಿ ಒಬ್ಬನಾದ ಲಕ್ಷ್ಮಪ್ಪ ಬಂಗರಸನನ್ನು ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು.

ಕಲ್ಯಾಣಸ್ವಾಮಿ ಎಂಬ ಮುಂದಾಳಿನ ಈ ಹೋರಾಟಕ್ಕೆ ನಮ್ಮ ಕಡೆ ಬಹುಕಾಲ ಉಳಿದ ಹೆಸರು 'ಕಲ್ಯಾಣಪ್ಪನ ಕಾಟಕಾಯಿ'. ಕಾಟಕಾಯಿ ಎಂದರೆ ಲೂಟಿ, ದೊಂಬಿ. ತಮ್ಮವರೇ ಎದ್ದು ನಿಂತದ್ದನ್ನು ಜನ ಗೆದ್ದವರ ಶಬ್ದದಲ್ಲಿ ನೆನಪಿಟ್ಟುಕೊಂಡರು. ವಸಾಹತು ಆಳ್ವಿಕೆ ಭೂಮಿಯ ಮೇಲೆ ಕಂದಾಯ ಹೇರಿದಂತೆ ನೆನಪಿನ ಮೇಲೂ ಹೇರಿದ ಭಾರ ಇದು ಎಂದೇ ನಾನು ತಿಳಿದಿದ್ದೇನೆ. ಆ ಹೆಸರಿನ ಮಸಿ ಒರೆಸಲು ನಿರಂಜನರ 'ಕಲ್ಯಾಣಸ್ವಾಮಿ' ಕಾದಂಬರಿ ಬರಬೇಕಾಯಿತು. ಸ್ಥಳೀಯ ಇತಿಹಾಸಕಾರರು ದಾಖಲೆ ಹುಡುಕಬೇಕಾಯಿತು. ಬಾವುಟಗುಡ್ಡೆಯಲ್ಲಿ ಹೋರಾಟದ ಇನ್ನೊಬ್ಬ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ನಿಂತದ್ದು 2022ರಲ್ಲಿ, ನೂರ ಎಂಬತ್ತೈದು ವರ್ಷಗಳ ಬಳಿಕ.

ಮಿಶನ್‌ನ ಬರಹಗಳು ಇದನ್ನು ಹೇಗೆ ಕಂಡವು? ಹೆರ್ಮನ್ ಮೋಗ್ಲಿಂಗ್ 1855ರಲ್ಲಿ ಪ್ರಕಟಿಸಿದ ಕೊಡಗಿನ ವೃತ್ತಾಂತದಲ್ಲಿ 1837ರ ಪ್ರಸಂಗ ಬರುತ್ತದೆ. ಅಲ್ಲಿರುವುದು ಆಳುವವರ ಕಡೆಯಿಂದ ಕಂಡ ಬಂಡಾಯ. ಮಿಶನ್ ಸರಕಾರದ ಇಲಾಖೆಯಾಗಿರಲಿಲ್ಲ. ಪಾದ್ರಿಗಳು ಬ್ರಿಟಿಷರೂ ಅಲ್ಲ. ಆದರೆ ಅವರು ನಿಂತ ನೆಲ ಕಂಪನಿಯ ಕಾಯಿದೆ ಒದಗಿಸಿದ ನೆಲ, ಅವರಿಗೆ ರಕ್ಷಣೆ ಕಂಪನಿಯ ಸಿಪಾಯಿಗಳದ್ದು. ಇದನ್ನು ಮರೆತು ಅವರನ್ನು ಬರೀ ಕನ್ನಡದ ಸೇವಕರು ಎಂದು ಕೊಂಡಾಡುವುದು ಅರ್ಧ ಚರಿತ್ರೆ. ಇದನ್ನೇ ಹಿಡಿದುಕೊಂಡು ಅವರು ಮಾಡಿದ್ದೆಲ್ಲ ದೊರೆಗಳ ಕೆಲಸ ಎನ್ನುವುದೂ ಅರ್ಧವೇ.

ಅಚ್ಚುಕೂಟದ ಕಥೆ ನೋಡಿ. ವೈಗ್ಲೆ ಎಂಬ ಪಾದ್ರಿ 1841ರಲ್ಲಿ ಮುಂಬಯಿಯಿಂದ ಕಲ್ಲಚ್ಚಿನ ಯಂತ್ರ ತಂದರು. 1843ರ ಜುಲೈ 1ರಂದು ಮೋಗ್ಲಿಂಗ್ ಅದರಲ್ಲಿ 'ಮಂಗಳೂರ ಸಮಾಚಾರ' ಅಚ್ಚು ಹಾಕಿದರು. ಪಾಕ್ಷಿಕವಾಗಿದ್ದ ಅದು ಕನ್ನಡದ ಮೊದಲ ಪತ್ರಿಕೆ. ಮರುವರ್ಷ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ' ಎಂಬ ಹೆಸರಿನಲ್ಲಿ ಸ್ವಲ್ಪ ಕಾಲ ನಡೆದು ನಿಂತಿತು. ಕರ್ನಾಟಕದ ಪತ್ರಕರ್ತರು ಜುಲೈ 1ನ್ನು ಪತ್ರಿಕಾ ದಿನವಾಗಿ ಆಚರಿಸುವುದು ಇದೇ ಕಾರಣಕ್ಕೆ. ಕಾಸಮೇಜರ್ ಎಂಬ ಇಂಗ್ಲಿಷ್ ನ್ಯಾಯಾಧೀಶರ ಹಣದಿಂದ ಮೋಗ್ಲಿಂಗ್ 'ಬಿಬ್ಲಿಯೋಥಿಕಾ ಕರ್ನಾಟಿಕಾ' ಮಾಲೆ ತಂದರು. ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ತಾಳೆಗರಿ ಮತ್ತು ಕಡತದಿಂದ ಇಳಿದು ಅಚ್ಚಿನ ಪುಟಕ್ಕೆ ಬಂದವು. ಓದಿನ ಮನೆಗಳಿಗೂ ಮಠಗಳಿಗೂ ಸೀಮಿತವಾಗಿದ್ದದ್ದು ದುಡ್ಡು ಕೊಟ್ಟರೆ ಯಾರಿಗಾದರೂ ಸಿಗುವ ಪುಸ್ತಕವಾಯಿತು. ಇದು ಸಣ್ಣ ಮಾತಲ್ಲ. ಅವರ ಉದ್ದೇಶ ಏನೇ ಇರಲಿ, ಫಲ ನಮ್ಮದಾಯಿತು.

ತುಳುವಿನ ಪಾಡು ಬೇರೆ. ಗ್ರೈನರ್ ಮತ್ತು ಸಂಗಡಿಗರ ತುಳು ಹೊಸ ಒಡಂಬಡಿಕೆ 1847ರ ಹೊತ್ತಿಗೆ ಅಚ್ಚಾಯಿತು. 1872ರಲ್ಲಿ ಬ್ರಿಗೆಲ್ ಅವರ ತುಳು ವ್ಯಾಕರಣ, 1886ರಲ್ಲಿ ಮೆನ್ನರ್ ಅವರ ತುಳು ನಿಘಂಟು ಬಂದವು. ಮನೆಯಲ್ಲಿ, ಗದ್ದೆಯಲ್ಲಿ, ಕೋಲದ ಕಳದಲ್ಲಿ ಬದುಕಿದ್ದ ಭಾಷೆಗೆ ಪುಸ್ತಕದ ಬಾಳು ಸಿಕ್ಕಿತು. ಆದರೆ ಎಲ್ಲವೂ ಕನ್ನಡ ಲಿಪಿಯಲ್ಲಿ ಬಂದವು. ತಾಳೆಗರಿಯ ಮೇಲೆ ನಡೆಯುತ್ತಿದ್ದ ತುಳು ಲಿಪಿಗೆ ಅಚ್ಚುಮೊಳೆ ಸಿಗಲಿಲ್ಲ, ಅದು ತಾಳೆಗರಿಯಲ್ಲೇ ಉಳಿಯಿತು. ಇಂದು ತುಳು ಲಿಪಿಗಾಗಿ ದುಡಿಯುತ್ತಿರುವ ಯುವಕರು ಮೆಟ್ಟಿ ದಾಟಬೇಕಾದದ್ದು ಆ ಒಂದು ತೀರ್ಮಾನದ ಪರಿಣಾಮವನ್ನೇ.

ಇನ್ನೊಂದು ಮಾತನ್ನು ಇಲ್ಲಿ ಹೇಳಲೇಬೇಕು. ಭೂತಾರಾಧನೆಯನ್ನು ಪಾದ್ರಿಗಳು ಪಿಶಾಚಿ ಪೂಜೆ ಎಂದು ಕರೆದರು. ಕ್ರೈಸ್ತ ಸಭೆಗೆ ಸೇರಿದವರು ಕೋಲದ ಕಡೆ ಮುಖ ಹಾಕುವಂತಿರಲಿಲ್ಲ. ಅದೇ ಮೆನ್ನರ್ 1886ರಲ್ಲಿ ಭೂತಗಳ ಪಾಡ್ದನಗಳನ್ನು ಕೇಳಿ ಬರೆದು ಪುಸ್ತಕ ಮಾಡಿದರು. ಯಾವ ಹಾಡನ್ನು ಹಾಡಬೇಡಿ ಎಂದು ಸಭೆಯವರಿಗೆ ಹೇಳಿದರೋ ಆ ಹಾಡನ್ನು ಮೊದಲು ಅಚ್ಚಿಗೆ ತಂದವರೂ ಅವರೇ. ಇಂದು ಪಾಡ್ದನಗಳ ಮೇಲೆ ಸಂಶೋಧನೆ ಮಾಡುವವರು ಆ ಪುಸ್ತಕವನ್ನು ತೆರೆಯದೆ ಮುಂದೆ ಹೋಗುವುದಿಲ್ಲ. ಆ ಪಾಡ್ದನಗಳನ್ನು ಹಾಡಿದ ಹೆಂಗಸರೂ ಗಂಡಸರೂ ಯಾರು? ಅವರ ಹೆಸರು ಯಾರ ಬಾಯಲ್ಲೂ ಉಳಿದಿಲ್ಲ.

ಕಿಟ್ಟೆಲ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 1853ರಲ್ಲಿ ಬಂದು, 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಅಚ್ಚುಕೂಟದಿಂದ ಸುಮಾರು 70,000 ಶಬ್ದಗಳ ಕನ್ನಡ-ಇಂಗ್ಲಿಷ್ ನಿಘಂಟನ್ನು ಹೊರತಂದ ಆ ದೊಡ್ಡ ಮನುಷ್ಯನ ಪ್ರತಿಮೆ ಬೆಂಗಳೂರಿನಲ್ಲಿದೆ, ಹೆಸರಿನ ಕಾಲೇಜು ಧಾರವಾಡದಲ್ಲಿದೆ. ಅವರಿಗೆ ಸಲ್ಲಬೇಕಾದದ್ದು ಸಂದಿದೆ, ಇನ್ನೂ ಸಲ್ಲಲಿ. ನಾನು ಆ ನಿಘಂಟನ್ನು ಮೇಜಿನ ಮೇಲೆ ಇಟ್ಟುಕೊಂಡು ಓದುವುದು ಇನ್ನೊಂದು ಕಾರಣಕ್ಕೆ. ಅದರಲ್ಲಿ ಹಳೆಯ ಕಾವ್ಯದ ಶಬ್ದಗಳ ಜತೆಗೆ ಗಾದೆಗಳಿವೆ, ಒಕ್ಕಲುತನದ ಮಾತುಗಳಿವೆ, ಅಡುಗೆಮನೆಯ ಮಾತುಗಳಿವೆ. ಅವು ಗ್ರಂಥಗಳಿಂದ ಬಂದವಲ್ಲ, ಬಾಯಿಂದ ಬಂದವು. ಕಿಟ್ಟೆಲ್ ಕಿವಿಗೆ ಅವನ್ನು ತಲುಪಿಸಿದ ಪಂಡಿತರು, ಮಾಸ್ತರರು, ಆಳುಗಳು, ಸಂತೆಗೆ ಬಂದ ಒಕ್ಕಲಿಗರು ಹಲವು ಜಿಲ್ಲೆಗಳವರು. ನಂತರ ಸಾವಿರದ ಏಳುನೂರಕ್ಕೂ ಹೆಚ್ಚು ಪುಟಗಳ ಆ ಗ್ರಂಥಕ್ಕೆ ಕನ್ನಡದ ಒಂದೊಂದು ಮೊಳೆ ಆರಿಸಿ ಜೋಡಿಸಿದವರು ಮಂಗಳೂರಿನ ಬಲ್ಮಠದಲ್ಲಿದ್ದ ಮಿಶನ್ ಅಚ್ಚುಕೂಟದ ಕಂಪೋಸಿಟರುಗಳು. ಒತ್ತಕ್ಷರ, ದೀರ್ಘ, ಮೂಲಶಬ್ದದ ಗುರುತು, ಇಂಗ್ಲಿಷ್ ಅರ್ಥ, ಮತ್ತೆ ಕನ್ನಡ. ಕಣ್ಣು ಸೋತು ಹೋಗುವ ಕೆಲಸ ಅದು. ಕನ್ನಡಕ್ಕಾಗಿ ದುಡಿದವರ ಪಟ್ಟಿಗೆ ಅವರು ಸೇರಬೇಡವೇ?

ಈಗ ಹಂಚಿನ ಕಥೆಗೆ ಬರುತ್ತೇನೆ. ಈ ಚರಿತ್ರೆಯಲ್ಲಿ ಜನರ ಮೈಗೆ ತಾಗಿದ ಭಾಗ ಇದೇ.

ದಕ್ಷಿಣ ಕನ್ನಡದಲ್ಲಿ ಮಿಶನ್ ಸೇರಿದವರಲ್ಲಿ ಬಹುಪಾಲು ಬಿಲ್ಲವರು. ಮರ ಏರಿ ಕಳ್ಳಿಳಿಸುವ ಮೂರ್ತೆ ಅವರ ಕಸುಬು, ಗೇಣಿಯ ಗದ್ದೆ ಅವರ ಅನ್ನ, ಕೋಟಿ-ಚೆನ್ನಯರ ಗರಡಿ ಅವರ ಮಾನ. ಗರಡಿಯಲ್ಲಿ ತಲೆಯೆತ್ತಿ ನಿಲ್ಲುವವರಿಗೆ ದೇವಸ್ಥಾನದ ಒಳಗೆ ಪ್ರವೇಶವಿರಲಿಲ್ಲ. ಶಾಲೆ ಇರಲಿಲ್ಲ. ಅಂಥವರಿಗೆ 'ಒಳಗೆ ಬಾ, ಕೂತುಕೋ' ಎಂದು ಹೇಳಿದ ಮೊದಲ ಬಾಗಿಲು ಮಿಶನ್‌ನದ್ದು. ಅಕ್ಷರ ಕೊಟ್ಟರು, ಹೆಣ್ಣುಮಕ್ಕಳಿಗೂ ಕೊಟ್ಟರು. ಇದನ್ನು ಯಾರೂ ಅಲ್ಲಗಳೆಯಲಾರರು. ಆ ಬಾಗಿಲನ್ನು ದಾಟಿದವರನ್ನು ಆಸೆಗೆ ಬಿದ್ದವರು ಎಂದು ಹಳಿಯುವವರು, ಮಿಕ್ಕ ಎಲ್ಲ ಬಾಗಿಲುಗಳನ್ನು ಮುಚ್ಚಿಟ್ಟುಕೊಂಡಿದ್ದವರು ಯಾರು ಎಂದು ಮೊದಲು ಕೇಳಿಕೊಳ್ಳಬೇಕು.

ದಾಟಿದವರು ತೆತ್ತ ಬೆಲೆಯೂ ಇತ್ತು. ಮಿಶನ್ ಮದ್ಯವನ್ನು ಪಾಪ ಎಂದಿತು. ಆದ್ದರಿಂದ ಮರ ಏರುವ ಕಸುಬು ನಿಂತಿತು. ಜಾತಿ ಬಿಟ್ಟವನಿಗೆ ಧಣಿ ಗೇಣಿ ಮುಂದುವರಿಸುವ ಭರವಸೆ ಇರಲಿಲ್ಲ. ಎಲ್ಲಕ್ಕಿಂತ ಆಳವಾದ ಪೆಟ್ಟು ಬಿದ್ದದ್ದು ಕುಟುಂಬಕ್ಕೆ. ತುಳುನಾಡಿನದು ಅಳಿಯಕಟ್ಟು, ಮನೆ, ಆಸ್ತಿ, ಬರಿ ಎಂಬ ಕುಲದ ಹೆಸರು ಎಲ್ಲವೂ ತಾಯಿಯ ಕಡೆಯಿಂದ ಬರುತ್ತವೆ. ಮಿಶನ್‌ನ ಕುಟುಂಬ ಅಪ್ಪನಿಂದ ಮಗನಿಗೆ ಇಳಿಯುವ ಕುಟುಂಬ. ಮತ ಬದಲಿಸಿದವರ ಆಸ್ತಿ ಹಕ್ಕು ಉಳಿಸಲು 1850ರಲ್ಲಿ ಸರಕಾರ ಕಾಯಿದೆ ಮಾಡಿತ್ತು. ಅದು ಕಾಗದದ ಮೇಲಿನ ಹಕ್ಕು. ತರವಾಡು ಮನೆಯ ಹೊಸ್ತಿಲಲ್ಲಿ ಆ ಕಾಗದ ನಡೆಯುತ್ತಿರಲಿಲ್ಲ. ಅಳಿಯಕಟ್ಟಿನಲ್ಲಿ ಹೆಣ್ಣಿಗೆ ತನ್ನ ಮನೆ ಎಂಬ ಗಟ್ಟಿ ನೆಲ ಇತ್ತು. ಗಂಡ ಬಿಟ್ಟರೂ ಸತ್ತರೂ ಆಕೆ ಅಲ್ಲಿಗೆ ಮರಳಬಹುದಿತ್ತು. ಹೊಸ ವ್ಯವಸ್ಥೆಯಲ್ಲಿ ಆಕೆ ಗಂಡನ ಹೆಸರಿನ ಹೆಂಡತಿಯಾದಳು. ಓದು ಸಿಕ್ಕಿತು, ಕಾಲಡಿಯ ಆ ನೆಲ ಹೋಯಿತು. ಈ ಕೊಡುಕೊಳ್ಳುವಿಕೆಯನ್ನು ಮಿಶನ್‌ನ ವರದಿಗಳು ಲೆಕ್ಕಕ್ಕೆ ಹಿಡಿಯಲಿಲ್ಲ, ನಮ್ಮ ಚರಿತ್ರೆಕಾರರೂ ಸಾಕಷ್ಟು ಹಿಡಿದಿಲ್ಲ.

ಕಸುಬು ಹೋದವರಿಗೆ ಅನ್ನ ಬೇಕಲ್ಲ. ಮಿಶನ್ ಹಲವು ಪ್ರಯೋಗಗಳನ್ನು ಮಾಡಿತು. ಅವುಗಳಲ್ಲಿ ನೇಯ್ಗೆ ನೆಲೆಯೂರಿತು. 1851ರಲ್ಲಿ ಬಂದ ಹಾಲರ್ ಮಗ್ಗ ಮತ್ತು ಬಣ್ಣದ ಕೆಲಸವನ್ನು ಒಂದು ಶಿಸ್ತಿಗೆ ತಂದರು. ಖಾಕಿ ಬಣ್ಣ ಜಗತ್ತಿನಲ್ಲೇ ಮೊದಲು ಬಲ್ಮಠದಲ್ಲಿ ಹುಟ್ಟಿತು ಎಂಬ ಮಾತು ನಮ್ಮೂರಿನ ಹೆಮ್ಮೆ. ಅದನ್ನು ನಾನು ಹಾಗೆಯೇ ಒಪ್ಪಲಾರೆ. ಪಂಜಾಬಿನ ಗೈಡ್ಸ್ ಪಡೆಯವರು 1840ರ ದಶಕದಲ್ಲೇ ಖಾಕಿ ತೊಟ್ಟಿದ್ದರು. ಮಂಗಳೂರಿನ ಮಗ್ಗಗಳಲ್ಲಿ ಒಳ್ಳೆಯ ಖಾಕಿ ಬಟ್ಟೆ ತಯಾರಾಯಿತು ಎನ್ನುವುದು ನಿಜ. ಆ ಬಟ್ಟೆ ಸಿಪಾಯಿಯ, ಪೊಲೀಸನ ಮೈಮೇಲೆ ಏರಿ ನಮ್ಮವರ ಮೇಲೆಯೇ ಲಾಠಿ ಬೀಸಿದ್ದೂ ನಿಜ. ಸ್ಮರಣ ಸಂಚಿಕೆಗಳಲ್ಲಿ ಮೊದಲ ಮಾತು ಬರುತ್ತದೆ, ಎರಡನೆಯದು ಬರುವುದಿಲ್ಲ. ಎರಡೂ ಬರಬೇಕು.

1865ರಲ್ಲಿ ಪ್ಲೆಬ್ಸ್ಟ್ ಎಂಬ ಯಂತ್ರ ಬಲ್ಲ ಪಾದ್ರಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಒಂದರ ಅಂಚು ಇನ್ನೊಂದಕ್ಕೆ ಸಿಕ್ಕಿಕೊಳ್ಳುವ ಚಪ್ಪಟೆ ಹಂಚಿನ ಮಾದರಿ ಫ್ರಾನ್ಸಿನ ಆಲ್ಸೇಸ್ ಸೀಮೆಯ ಗಿಲಾರ್ಡೊನಿ ಸೋದರರದ್ದು. ಜೇಡಿಮಣ್ಣು ನೇತ್ರಾವತಿ, ಗುರುಪುರ ಹೊಳೆಗಳ ದಡದ ಬಯಲಿನದ್ದು, ಸೌದೆ ಘಟ್ಟದ ತಪ್ಪಲಿನದ್ದು. ಮೊದಮೊದಲು ಮಣ್ಣು ಅರೆಯುವ ಯಂತ್ರ ತಿರುಗಿಸಿದ್ದು ಜೋಡಿ ಎತ್ತು, ಮುಂದೆ ಉಗಿಯಂತ್ರ ಬಂತು. ದೋಣಿಗಳಲ್ಲಿ ಮಣ್ಣು ಬರುತ್ತಿತ್ತು. ಅದನ್ನು ತುಳಿದು, ಹದ ಮಾಡಿ, ಅಚ್ಚಿಗೆ ಹಾಕಿ, ನೆರಳಿನಲ್ಲಿ ಒಣಗಿಸಿ, ಭಟ್ಟಿಯಲ್ಲಿ ಸುಟ್ಟು ತೆಗೆದರೆ ಹಂಚು. ಒದ್ದೆ ಮಣ್ಣನ್ನೂ ಸುಟ್ಟ ಹಂಚನ್ನೂ ತಲೆಯ ಮೇಲೆ ಹೊತ್ತವರು ಹೆಚ್ಚಾಗಿ ಹೆಂಗಸರು. ಕ್ರೈಸ್ತರಿಗಾಗಿ ಹುಟ್ಟಿದ ಕಾರ್ಖಾನೆಗೆ ಬಹುಬೇಗ ಎಲ್ಲ ಜಾತಿಯ ಬಡವರೂ ಬಂದರು. ಗಂಟೆ ಬಾರಿಸಿದಾಗ ಕೆಲಸ, ಗಂಟೆ ಬಾರಿಸಿದಾಗ ಬಿಡುವು, ಭಾನುವಾರ ರಜೆ, ಕೈಗೆ ನಗದು ಕೂಲಿ. ಧಣಿಯ ಅಂಗಳದಲ್ಲಿ ಅಕ್ಕಿ ಅಳೆದು ಹಾಕಿಸಿಕೊಳ್ಳುತ್ತಿದ್ದವರಿಗೆ ಇದು ಬೇರೆಯೇ ಲೋಕ. ಅದರಲ್ಲಿ ಬಿಡುಗಡೆಯೂ ಇತ್ತು, ಮೇಸ್ತ್ರಿಯ ಬಿಗಿಯೂ ಇತ್ತು.

ಮುಳಿಹುಲ್ಲಿನ ಮಾಡುಗಳು ಹಂಚಿನ ಮಾಡುಗಳಾದವು. ಪ್ರತಿ ವರ್ಷ ಮಳೆಗೆ ಮುಂಚೆ ಹುಲ್ಲು ಹೊದಿಸುವ ಕೆಲಸ ತಪ್ಪಿತು, ಬೆಂಕಿಯ ಭಯ ತಗ್ಗಿತು. ಮಲ್ಪೆ, ಕಲ್ಲಿಕೋಟೆ, ಫೆರೋಕ್‌ಗಳಲ್ಲಿ ಮಿಶನ್‌ನ ಕಾರ್ಖಾನೆಗಳಾದವು. ಅಲ್ಬುಕರ್ಕ್ ಮನೆತನದಂಥ ಸ್ಥಳೀಯ ಉದ್ಯಮಿಗಳೂ ಕೆಲವೇ ವರ್ಷಗಳಲ್ಲಿ ಕಾರ್ಖಾನೆ ಕಟ್ಟಿದರು. ಮಂಗಳೂರು ಹಂಚು ಮಂಜಿಗಳಲ್ಲಿ, ಹಡಗುಗಳಲ್ಲಿ ಮುಂಬಯಿ, ಸಿಲೋನ್, ಬರ್ಮಾ, ಪೂರ್ವ ಆಫ್ರಿಕಾಗಳಿಗೆ ಹೋಯಿತು. ಬ್ರಿಟಿಷ್ ಸಾಮ್ರಾಜ್ಯದ ರೈಲು ನಿಲ್ದಾಣ, ಕಚೇರಿ, ಬಂಗಲೆಗಳ ನೆತ್ತಿಯ ಮೇಲೆ ನಮ್ಮ ಹೊಳೆಯ ಮಣ್ಣು ಕೂತಿತು. ಆ ಮಣ್ಣನ್ನು ಅಗೆದು ತೆಗೆದ ಬಯಲುಗಳಲ್ಲಿ ಹೊಂಡಗಳು ಉಳಿದವು.

ಬಿಲ್ಲವರೆಲ್ಲ ಒಂದೇ ದಾರಿ ಹಿಡಿಯಲಿಲ್ಲ ಎಂಬುದನ್ನು ನೆನೆಯದಿದ್ದರೆ ಈ ಕಥೆ ವಾಲುತ್ತದೆ. ಅರಸಪ್ಪ ಎಂಬ ಬಿಲ್ಲವ ಮುಖಂಡರು 1870ರ ಸುಮಾರಿಗೆ ಬ್ರಹ್ಮಸಮಾಜದ ಕಡೆ ತಿರುಗಿದರು. ಉಳ್ಳಾಲ ರಘುನಾಥಯ್ಯನವರ ಬ್ರಹ್ಮಸಮಾಜ ಮಂಗಳೂರಿನಲ್ಲಿ ಬೇರೂರಿದ್ದು ಆ ದಿನಗಳಲ್ಲೇ. ಅದೇ ಬಳಗದಲ್ಲಿ ಬೆಳೆದ ಕುದ್ಮುಲ್ ರಂಗರಾಯರು 1897ರಲ್ಲಿ ದಲಿತರಿಗಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಕಟ್ಟಿದರು. ಹೆಸರಿನಲ್ಲಿರುವ 'ಮಿಶನ್' ಎಂಬ ಶಬ್ದವನ್ನು ಗಮನಿಸಿ. ಬಲ್ಮಠದ ಉದಾಹರಣೆ ಊರಿನ ಕಣ್ಣೆದುರಿಗೆ ಇತ್ತು. ಇನ್ನೊಬ್ಬ ಬಿಲ್ಲವ ಮುಖಂಡ ಕೊರಗಪ್ಪನವರು ಮತ್ತು ಜೊತೆಗಾರರು ನಾರಾಯಣ ಗುರುಗಳನ್ನು ಕರೆಸಿಕೊಂಡು 1912ರಲ್ಲಿ ಕುದ್ರೋಳಿಯಲ್ಲಿ ಗೋಕರ್ಣನಾಥನ ಪ್ರತಿಷ್ಠೆ ಮಾಡಿಸಿದರು. ಮುಚ್ಚಿದ ಬಾಗಿಲಿನ ಮುಂದೆ ಕಾಯುವುದನ್ನು ಬಿಟ್ಟು ತಮ್ಮದೇ ಬಾಗಿಲು ಕಟ್ಟಿಕೊಂಡರು. ಒಂದೇ ಕುಲದ ಅಣ್ಣತಮ್ಮಂದಿರಲ್ಲಿ ಒಬ್ಬ ಸಭೆಗೆ, ಒಬ್ಬ ಕುದ್ರೋಳಿಗೆ, ಒಬ್ಬ ಹಳೆಯ ಗರಡಿಗೆ. ಆದರೂ ಎಳೆ ಪೂರ್ತಿ ಕಡಿಯಲಿಲ್ಲ. ಬೈಬಲ್ಲಿನ ಹೆಸರಿನ ಪಕ್ಕದಲ್ಲಿ ಸಾಲ್ಯಾನ್, ಕುಂದರ್, ಬಂಗೇರ ಎಂಬ ಬರಿಯ ಹೆಸರುಗಳು ಇಂದಿಗೂ ಇವೆ. ಅಮ್ಮನ ಕಡೆಯಿಂದ ಬಂದ ಬರಿ ಈಗ ಅಪ್ಪನ ಕಡೆಯಿಂದ ಇಳಿಯುವ ಮನೆಹೆಸರಾಗಿ ಉಳಿದುಕೊಂಡಿದೆ. ಅಳಿಯಕಟ್ಟಿನ ನೆನಪು ತಾನೇ ಬದಲಾಗಿ ಬದುಕಿದ ರೀತಿ ಇದು.

1914ರ ಆಗಸ್ಟಿನಲ್ಲಿ ಯುರೋಪಿನಲ್ಲಿ ಯುದ್ಧ ಸುರುವಾಯಿತು. ಎಂಬತ್ತು ವರ್ಷ ಊರಿನವರಂತೆ ಇದ್ದ ಜರ್ಮನ್ ಪಾದ್ರಿಗಳು ಒಮ್ಮೆಲೇ ಶತ್ರು ದೇಶದ ಪ್ರಜೆಗಳಾದರು. ಅವರನ್ನು ಅಹಮದ್‌ನಗರದ ಶಿಬಿರಕ್ಕೆ ಕಳಿಸಿ, ಆಮೇಲೆ ದೇಶದಿಂದಲೇ ಹೊರಗೆ ಕಳಿಸಿದರು. 1859ರಲ್ಲಿ ಹುಟ್ಟಿದ ಮಿಶನ್‌ನ ವ್ಯಾಪಾರ ಸಂಸ್ಥೆಯ ಕಾರ್ಖಾನೆಗಳನ್ನು ಸರಕಾರ ವಶಪಡಿಸಿಕೊಂಡಿತು. ಯುದ್ಧ ಮುಗಿಯುತ್ತಿದ್ದಂತೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಪಾಲಾದವು. ಹಂಚಿನ ಅಚ್ಚು ಬದಲಾಯಿತು. ಕಂಪನಿಯ ಕಾಯಿದೆ ತೆರೆದ ಬಾಗಿಲನ್ನು ಸಾಮ್ರಾಜ್ಯವೇ ಮುಚ್ಚಿತು. ಮೋಗ್ಲಿಂಗ್ ಕಾಲದಿಂದ ಕಟ್ಟಿದ ಶಾಲೆ, ಸಭೆ, ಆಸ್ಪತ್ರೆಗಳ ಭಾರ ಇದ್ದಕ್ಕಿದ್ದಂತೆ ಇಲ್ಲಿಯ ಉಪದೇಶಿಗಳ, ಮಾಸ್ತರರ, ಸಭಾಹಿರಿಯರ ಹೆಗಲ ಮೇಲೆ ಬಿತ್ತು. ಅವರು ಅದನ್ನು ಹೊತ್ತರು. ನನ್ನ ದೃಷ್ಟಿಯಲ್ಲಿ ಈ ಸಂಸ್ಥೆ ನಿಜವಾಗಿ ಇಲ್ಲಿಯದಾದದ್ದು ಆ ವರ್ಷಗಳಲ್ಲಿ. 1947ರಲ್ಲಿ ದಕ್ಷಿಣ ಭಾರತ ಸಭೆ ರೂಪುಗೊಂಡು ಹಳೆಯ ಬಾಸೆಲ್ ಸಭೆಗಳು ಅದರ ದಾರಿಗೆ ಬಂದದ್ದು ಆ ಬೆಳವಣಿಗೆಯ ಮುಂದುವರಿಕೆ ಮಾತ್ರ. ಸಂಸ್ಥೆಯ ಚರಿತ್ರೆಗಳಲ್ಲಿ ಮಾತ್ರ 1914ರಿಂದ ಮುಂದಿನ ಪುಟಗಳು ತೆಳುವಾಗುತ್ತವೆ. ಯುರೋಪಿಗೆ ಪತ್ರ ಬರೆಯುವವರು ಹೋದ ಮೇಲೆ ಪತ್ರಗಳು ನಿಂತವು. ಪತ್ರ ನಿಂತ ಕಡೆ ಚರಿತ್ರೆಯೂ ನಿಂತಿತು ಎಂದು ಬರೆಯುವವರು ತಿಳಿದುಬಿಟ್ಟರು.

ಈ ನೆನಪುಗಳೆಲ್ಲ ಈಗ ಎಲ್ಲಿವೆ? ದೊಡ್ಡ ಭಾಗ ಬಾಸೆಲ್ಲಿನಲ್ಲಿದೆ. ಮಿಶನರಿಗಳು ಬರೆದ ಪತ್ರಗಳು, ವರದಿಗಳು, ನಕ್ಷೆಗಳು, ಹತ್ತಾರು ಸಾವಿರ ಛಾಯಾಚಿತ್ರಗಳು ಅಲ್ಲಿಯ ಪತ್ರಾಗಾರದಲ್ಲಿ ಜೋಪಾನವಾಗಿವೆ. ಚಿತ್ರಗಳನ್ನು ಈಗ ಅಂತರ್ಜಾಲದಲ್ಲಿ ಯಾರು ಬೇಕಾದರೂ ನೋಡಬಹುದು. ನಾನು ಗಂಟೆಗಟ್ಟಲೆ ನೋಡಿದ್ದೇನೆ. ಪಾದ್ರಿಯ ಚಿತ್ರದ ಕೆಳಗೆ ಹೆಸರು ಇರುತ್ತದೆ. ಪಕ್ಕದಲ್ಲಿ ನಿಂತ ನಮ್ಮವರ ಬಗ್ಗೆ ಎಷ್ಟೋ ಕಡೆ ನೇಕಾರ, ಶಾಲೆಯ ಮಕ್ಕಳು, ವಿಧವೆ ಎಂದಷ್ಟೇ ಇದೆ. ಮಂಗಳೂರಿನ ಬಲ್ಮಠದಲ್ಲಿ ಕರ್ನಾಟಕ ಥಿಯೋಲಾಜಿಕಲ್ ಕಾಲೇಜಿನ ಪತ್ರಾಗಾರ ಇದೆ. ಅಚ್ಚುಕೂಟದ ಹಳೆಯ ಪುಸ್ತಕಗಳು, ಹಸ್ತಪ್ರತಿಗಳು ಅಲ್ಲಿ ಉಳಿದಿವೆ. ಕನ್ನಡ, ತುಳು ಸಂಶೋಧಕರಿಗೆ ಅದು ದೊಡ್ಡ ಆಸರೆ. ಆದರೆ ಬರೆಯುವವರು ಬರೆದದ್ದನ್ನು ಮಾತ್ರ ಪತ್ರಾಗಾರ ಕಾಪಾಡಬಲ್ಲದು.

ಬರೆಯದೆ ಉಳಿದವರ ಗುರುತುಗಳು ಇರುವುದು ಮನೆಗಳಲ್ಲಿ. ಅಟ್ಟದ ಮೇಲಿನ ಟ್ರಂಕಿನಲ್ಲಿ ಕಾರ್ಖಾನೆಯ ಕೂಲಿ ಪುಸ್ತಕ ಇರುತ್ತದೆ. ಹಳೆಯ ಸಭಾಗೀತೆಯ ಪುಸ್ತಕದ ಮೊದಲ ಪುಟದಲ್ಲಿ ಮದುವೆಯ ದಿನ, ಹುಟ್ಟಿದ ಮಕ್ಕಳ ಹೆಸರು ಪೆನ್ಸಿಲಿನಲ್ಲಿ ಬರೆದಿರುತ್ತದೆ. ಸಭೆಗಳ ದೀಕ್ಷಾಸ್ನಾನದ ರಿಜಿಸ್ಟರುಗಳಲ್ಲಿ ಹಳೆಯ ಹೆಸರು, ಹೊಸ ಹೆಸರು, ಬಂದ ಊರು ಇರುತ್ತವೆ. ಈ ಕಡೆ ಗರಡಿಗಳಲ್ಲಿ, ಗುತ್ತಿನ ಮನೆಗಳಲ್ಲಿ 'ನಮ್ಮವರೊಬ್ಬರು ಮಿಶನ್ ಸೇರಿದರು' ಎಂಬ ಮಾತು ತಗ್ಗಿದ ದನಿಯಲ್ಲಿ ಇನ್ನೂ ಇದೆ. ಸುಳ್ಯ ಸೀಮೆಯಲ್ಲಿ 1837ರಲ್ಲಿ ಮನೆ ಸುಟ್ಟುಕೊಂಡವರ, ತಲೆಮರೆಸಿಕೊಂಡವರ ಕಥೆಗಳಿವೆ. ಹಂಚಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿ, ಮಾಡುಗಳೆಲ್ಲ ತಾರಸಿಯಾಗುತ್ತಿವೆ. ಮನೆ ಇಳಿದಾಗ ಟ್ರಂಕು ಗುಜರಿಗೆ ಹೋಗುತ್ತದೆ. ಹೇಳಬಲ್ಲ ಹಿರಿಯರು ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.

2034ಕ್ಕೆ ಆ ಮೂವರು ಮಂಗಳೂರಿಗೆ ಬಂದು ಇನ್ನೂರು ವರ್ಷವಾಗುತ್ತದೆ. ಕೊಡಗು ಕೈತಪ್ಪಿದ್ದಕ್ಕೂ ಅಷ್ಟೇ. ಆಗ ಮತ್ತೊಂದು ಸ್ಮರಣ ಸಂಚಿಕೆ ಬರುತ್ತದೆ, ಖಂಡಿತ. ಅದರಲ್ಲಿ ಪಾದ್ರಿಗಳ ಭಾವಚಿತ್ರಗಳ ಜತೆಗೆ ನಮ್ಮ ಹಿರಿಯರ ಹೆಸರುಗಳೂ ಬರಬೇಕಾದರೆ ಕೆಲಸ ಈಗಲೇ ಸುರುವಾಗಬೇಕು. ಓದುಗರಲ್ಲಿ ನನ್ನ ಬಿನ್ನಹ ಇಷ್ಟೇ. ನಿಮ್ಮ ಮನೆಯಲ್ಲಿ ಕೂಲಿ ಪುಸ್ತಕ, ಶಾಲೆಯ ಸರ್ಟಿಫಿಕೇಟು, ಹಳೆಯ ಫೋಟೋ ಇದ್ದರೆ ಎಸೆಯಬೇಡಿ. ಮೂಲ ನಿಮ್ಮಲ್ಲೇ ಇರಲಿ, ಒಂದು ಪ್ರತಿ ತೆಗೆದು ಹತ್ತಿರದ ಪತ್ರಾಗಾರಕ್ಕೆ ಕೊಡಿ. ಫೋಟೋದ ಹಿಂಬದಿಯಲ್ಲಿ ಅದರಲ್ಲಿರುವವರ ಹೆಸರುಗಳನ್ನು ಇಂದೇ ಬರೆದಿಡಿ. ಮನೆಯ ಹಿರಿಯರ ಮಾತನ್ನು ತುಳುವಿನಲ್ಲಾಗಲಿ, ಕನ್ನಡದಲ್ಲಾಗಲಿ, ಕೊಂಕಣಿಯಲ್ಲಾಗಲಿ, ಬ್ಯಾರಿ ಭಾಷೆಯಲ್ಲಾಗಲಿ ಅವರು ಆಡಿದಂತೆಯೇ ಮೊಬೈಲಿನಲ್ಲಿ ಧ್ವನಿಮುದ್ರಿಸಿ. ಮನೆ ಕೆಡವುವ ದಿನ ಬಂದರೆ ಒಂದು ಹಂಚನ್ನಾದರೂ ಎತ್ತಿಟ್ಟುಕೊಂಡು, ಅದರ ಬೆನ್ನಿನ ಬರಹದ ಪಕ್ಕದಲ್ಲಿ ಆ ಮನೆಯಿಂದ ಕಾರ್ಖಾನೆಗೆ ದುಡಿಯಲು ಹೋದವರ ಹೆಸರನ್ನು ಬರೆದಿಡಿ.

ಜೆಪ್ಪುವಿನ ಆ ಮನೆಯವರು ನನಗೆ ಎರಡು ಹಂಚು ಕೊಟ್ಟರು, ಒಂದು ಮಿಶನ್‌ನದ್ದು, ಒಂದು ಟ್ರಸ್ಟಿನದ್ದು. ಹಿರಿಯಜ್ಜಿಯ ಹೆಸರನ್ನು ಹುಡುಕಲು ಜಗಲಿಯಲ್ಲಿ ಕೂತಿದ್ದ ಆ ಹಿರಿಯ ಹೆಂಗಸಿನ ಮಗಳು ಸಭೆಯ ಹಳೆಯ ರಿಜಿಸ್ಟರುಗಳನ್ನು ನೋಡುತ್ತಿದ್ದಾರೆ. ಇನ್ನೂ ಸಿಕ್ಕಿಲ್ಲ.